ನ್ಯೂಜಿಲೆಂಡ್ ಗಾಡಿಗೆ ಲಂಗದ ಲಾಡಿ

ಶ್ರೀನಿವಾಸಪುರ, ಹೊರಡುವ ಮುಂಚೆ

ವಿದೇಶಕ್ಕೆ ಹೋಗಿ ಬಂದವರನ್ನು ಏನು ನೋಡಿದಿರಿ ಎಂದು ಕೇಳಿದರೆ ಹಿಮದ ಬೆಟ್ಟ, ನೀಲಿ ಸರೋವರ ಎಂದು ಶುರು ಮಾಡುತ್ತಾರೆ. ನಾನು ನ್ಯೂಜಿಲೆಂಡಿಗೆ ಹೋಗಿ ಹೆಚ್ಚಾಗಿ ನೋಡಿದ್ದು ಕಿಟಕಿಯ ಪರದೆಗಳನ್ನು. ಬೆಟ್ಟವೂ ಇತ್ತು, ಸರೋವರವೂ ಇತ್ತು. ಅವು ಪರದೆಯ ಆಚೆಗಿದ್ದವು. ನಮ್ಮ ಕೆಲಸವೆಲ್ಲ ಈಚೆಗಿತ್ತು.

ಹಾಗೆ ನೋಡಿದರೆ ನಾನು ಹೋದದ್ದು ಊರು ನೋಡುವುದಕ್ಕೂ ಅಲ್ಲ. ಅಣ್ಣ ಕಳಿಸಿದ, ಹೋದೆ. ನಮ್ಮ ಕೊನೆಯ ತಂಗಿ ವನಜ ಅಲ್ಲಿ ನರ್ಸು. ಮದುವೆಯಾಗಿ ಗಂಡನ ಜೊತೆ ಹೋದವಳು. ಮೂರ್ನಾಲ್ಕು ವರ್ಷದ ಹಿಂದೆ ಆ ಮಹಾನುಭಾವ ಬೇರೆ ಸಂಸಾರ ಹೂಡಿದ, ಇವಳು ಒಂಟಿಯಾದಳು. ಬಾಡಿಗೆ ಮನೆಯಲ್ಲಿ ಹೇಗೋ ಇದ್ದಾಳೆ ಎಂದು ನಾವೆಲ್ಲ ಸಮಾಧಾನವಾಗಿದ್ದೆವು. ಹೋದ ದೀಪಾವಳಿಗೆ ಫೋನ್ ಮಾಡಿ, ಬಾಡಿಗೆ ಮನೆ ಬಿಟ್ಟೆ, ಯಾರೋ ಬಳಸಿ ಬಿಟ್ಟ ಹಳೇ ಮೋಟಾರ್‌ಹೋಮ್ ಒಂದನ್ನು ತೆಗೆದುಕೊಂಡೆ, ಇನ್ನು ಅದರಲ್ಲೇ ಇರುತ್ತೇನೆ ಎಂದಳು. ಮೋಟಾರ್‌ಹೋಮ್ ಎಂದರೆ ಬೆನ್ನ ಮೇಲೆ ಮನೆ ಹೊತ್ತ ವ್ಯಾನು. ಹಾಸಿಗೆ, ಒಲೆ, ಫ್ರಿಜ್ಜು, ಕಕ್ಕಸು ಎಲ್ಲ ಒಳಗೇ. ಊರೂರಿಗೆ ಹೋಗಿ ಅಲ್ಲಲ್ಲಿ ಕೆಲವು ತಿಂಗಳು ಕೆಲಸ ಮಾಡುವುದು, ಗಾಡಿಯಲ್ಲೇ ಅಡುಗೆ, ಗಾಡಿಯಲ್ಲೇ ನಿದ್ದೆ. ಇದು ಅವಳ ಯೋಜನೆ.

ಅಣ್ಣನ ತಲೆಗೆ ಇದು ಇಳಿಯಲಿಲ್ಲ.

"ಏಮ್ಮಾ ರತ್ನಾ, ಮನೆ ಬಿಟ್ಟು ಬಸ್ಸಲ್ಲಿ ಸಂಸಾರ ಮಾಡ್ತಾಳಂತೆ! ಒಂಟಿ ಹೆಂಗ್ಸು! ಕೇಳ್ದೋರು ಏನಂತಾರೆ? ನೀನು ಹೋಗಿ ಕರ್ಕೊಂಡೇ ಬರ್ಬೇಕು ನೋಡು. ಮಹಡಿ ಮೇಲೆ ರೂಮ್ ಕಟ್ಸಿದೀನಿ. ಅಟ್ಯಾಚ್ಡ್ ಬಾತ್‌ರೂಮು. ಇನ್ನೇನಮ್ಮಾ ಬೇಕು ಅವ್ಳಿಗೆ?"

ಇಷ್ಟನ್ನೂ ಅವನು ಹೇಳಿದ್ದು ರಸ್ತೆಯ ಆ ಬದಿಯಲ್ಲಿ ನಿಂತುಕೊಂಡು. ನಾನು ಈ ಬದಿಯ ನಮ್ಮ ಮನೆ ಜಗಲಿಯ ಮೇಲಿದ್ದೆ. ಅಣ್ಣನ ಗಂಟಲು ಅಂಥದು. ಅವನು ಗುಟ್ಟು ಹೇಳಿದರೆ ಮುಳಬಾಗಿಲಿನವರೆಗೆ ಕೇಳಿಸುತ್ತದೆ ಎಂದು ಬೈರಕೂರಿನ ನಮ್ಮತ್ತಿಗೆ ಮದುವೆಯಾದ ವಾರದಲ್ಲೇ ತವರಿಗೆ ಹೋಗಿ ಹೇಳಿದ್ದರಂತೆ.

ಅವನು ದನಿ ತಗ್ಗಿಸುವ ಜಾಗ ಭೂಮಿಯ ಮೇಲೆ ಒಂದೇ ಒಂದು, ನಮ್ಮ ಹುಳುಮನೆ. ನಮ್ಮದು ಅಜ್ಜನ ಕಾಲದಿಂದ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವ ಕುಟುಂಬ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದರೂ ಹುಳುಮನೆಯ ಕೆಲಸ ಬಿಟ್ಟವಳಲ್ಲ. ರೇಷ್ಮೆ ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಸೊಪ್ಪು ತಿನ್ನುವುದು ನಿಲ್ಲಿಸಿ, ತಲೆ ಎತ್ತಿಕೊಂಡು, ಅಲುಗಾಡದೆ ನಿದ್ದೆಗೆ ಕೂರುತ್ತದೆ. ಆಗ ಅದನ್ನು ಮುಟ್ಟಬಾರದು, ಕಿಟಕಿಗಳಿಗೆ ಗೋಣಿತಟ್ಟಿನ ಪರದೆ ಇಳಿಸಿ ಬೆಳಕು ಕಡಿಮೆ ಮಾಡಬೇಕು. ಗಲಾಟೆ ಮಾಡಬಾರದು ಎನ್ನುವುದು ಅಣ್ಣ ತಾನಾಗಿ ಸೇರಿಸಿದ ಕಾನೂನು. ನಿದ್ದೆಗೆ ಕೂತ ಹುಳುವಿನ ಮುಂದೆ ಅವನು ಅತ್ತಿಗೆಯ ಜೊತೆ ಜಗಳವನ್ನೂ ಪಿಸುಮಾತಿನಲ್ಲೇ ಆಡುತ್ತಾನೆ.

ಹೊರಡುವ ದಿನ ಅವನು ನನ್ನ ಕೈಗೆ ನೇರಳೆ ಬಣ್ಣದ ರೇಷ್ಮೆ ಸೀರೆಯೊಂದನ್ನು ಕೊಟ್ಟ. ಬೆಂಗಳೂರಲ್ಲಿ ವಿಮಾನ ಇಳಿಯುವಾಗ ವನಜ ಇದನ್ನೇ ಉಟ್ಟಿರಬೇಕು, ಬಂದವಳೇ ಹೊಸ ರೂಮಿನಲ್ಲಿ ಹಾಲು ಉಕ್ಕಿಸಬೇಕು ಎಂದ. ಊರಿಗೆಲ್ಲ ರೇಷ್ಮೆ ಬೆಳೆಯುವವರು ನಾವು. ನಮ್ಮ ಮನೆಯ ಸೀರೆಯನ್ನು ಮಾತ್ರ ಅಂಗಡಿಯಿಂದ ಚೌಕಾಸಿ ಮಾಡಿ ತರಬೇಕು. ಸೀರೆಯ ಜೊತೆ ಅವರೆಕಾಳು, ಹುಳಿಪುಡಿ, ರಾಗಿಹಿಟ್ಟು, ನನ್ನ ಆರು ಸೀರೆ, ಅವಕ್ಕೆ ಆರು ಲಂಗ. ನಮ್ಮ ಯಜಮಾನರಿಗೆ ಮುಳಬಾಗಿಲು ದೋಸೆ ಸಿಗದ ದೇಶಕ್ಕೆ ಕಾಲಿಡುವ ಆಸೆ ಇರಲಿಲ್ಲ. ನಾನೊಬ್ಬಳೇ ಹೊರಟೆ.

ಕ್ರೈಸ್ಟ್‌ಚರ್ಚ್

ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ನನ್ನ ಪೆಟ್ಟಿಗೆ ಬಿಚ್ಚಿಸಿದ. ಇತ್ತೀಚೆಗೆ ತೋಟಕ್ಕೆ ಏನಾದರೂ ಹೋಗಿದ್ದೀರಾ ಎಂದು ಕೇಳಿದ. ಹೋಗುವುದೇನು, ತೋಟದಿಂದಲೇ ಬರುತ್ತಿದ್ದೇನೆ, ರೇಷ್ಮೆ ಹುಳು ಸಾಕುತ್ತೇವೆ ಎಂದು ಹೆಮ್ಮೆಯಿಂದ ಹೇಳಿದೆ. ಅವನ ಮುಖ ಗಂಭೀರವಾಯಿತು. ಅವರೆಕಾಳನ್ನು ಕಿತ್ತುಕೊಂಡ. ಆಮೇಲೆ ನನ್ನ ಚಪ್ಪಲಿ ಬಿಚ್ಚಿಸಿ, ಒಳಗೆ ತೆಗೆದುಕೊಂಡು ಹೋಗಿ, ಔಷಧಿ ನೀರಲ್ಲಿ ಉಜ್ಜಿ ತೊಳೆದು, ಒರೆಸಿ ತಂದುಕೊಟ್ಟ. ಮೂವತ್ತು ವರ್ಷ ಪಾಠ ಹೇಳಿದರೂ ನನ್ನ ಚಪ್ಪಲಿ ತೊಳೆದುಕೊಟ್ಟ ಸರ್ಕಾರಿ ನೌಕರನನ್ನು ನಾನು ನೋಡಿರಲಿಲ್ಲ.

ನನಗೆ ಬೇಜಾರಾಗಲಿಲ್ಲ, ಗೌರವ ಹುಟ್ಟಿತು. ನಾವೂ ಹಾಗೇ ತಾನೆ? ಪ್ರತಿ ಬೆಳೆಗೆ ಮುಂಚೆ ಹುಳುಮನೆಯನ್ನು ನೆಲದಿಂದ ಸೂರಿನವರೆಗೆ ಬ್ಲೀಚಿಂಗ್ ಪೌಡರಿನ ನೀರಲ್ಲಿ ತೊಳೆಯುತ್ತೇವೆ. ಹೊರಗಿನವರು ಬಾಗಿಲಲ್ಲೇ ಕಾಲು ತೊಳೆಯಬೇಕು. ಹಾಗೆ ಮಾಡದಿದ್ದರೆ ರೋಗ ಬಂದು ಇಡೀ ಬೆಳೆ ಹೋಗುತ್ತದೆ. ಈ ದೇಶವೇ ಒಂದು ದೊಡ್ಡ ಹುಳುಮನೆ ಎಂದು ನಾನು ಅಲ್ಲೇ ತೀರ್ಮಾನ ಮಾಡಿದೆ. ಆ ತೀರ್ಮಾನವೇ ಮುಂದೆ ನನ್ನನ್ನು ಹಳ್ಳಕ್ಕೆ ಕೆಡವಿತು.

ವನಜ ಹೊರಗೆ ಕಾಯುತ್ತಿದ್ದಳು. ತಬ್ಬಿಕೊಂಡಳು, ಅತ್ತಳು, ನಾನೂ ಅತ್ತೆ. ಆಮೇಲೆ ಅವಳು ನನ್ನನ್ನು ಗಾಡಿಯ ಮುಂದೆ ನಿಲ್ಲಿಸಿ, "ಹೆಂಗಿದೆಯಕ್ಕಾ?" ಎಂದಳು.

ಒಂದು ಕಾಲಕ್ಕೆ ಬಿಳಿಯಾಗಿದ್ದಿರಬೇಕು. ಒಳಗೆ ಎಲ್ಲ ಅಚ್ಚುಕಟ್ಟು. ಆದರೆ ಕಿಟಕಿಗಳ ಪಾಡು ನೋಡಲಾಗದು. ಆರು ಕಿಟಕಿಗೂ ನೆರಿಗೆ ನೆರಿಗೆಯಾಗಿ ಮಡಚಿಕೊಳ್ಳುವ ಪರದೆಗಳಿದ್ದವು. ಹೊರಮೈಗೆ ಬೆಳ್ಳಿ ಬಣ್ಣದ ಲೇಪ, ಒಳಗೆ ತೆಳ್ಳನೆ ದಾರ. ದಾರ ಹರಿದು ಒಂದು ಪರದೆ ಒಂದೇ ಭುಜ ಏರಿಸಿಕೊಂಡು ನೇತಾಡುತ್ತಿತ್ತು, ಇನ್ನೊಂದು ಮೇಲೆ ಹೋದರೆ ಕೆಳಗೆ ಬರುತ್ತಿರಲಿಲ್ಲ. ನೆರಿಗೆಗಳ ತುಂಬ ಕಪ್ಪು ಬೂಷ್ಟು, ಅಲ್ಲಲ್ಲಿ ತೂತು. ಡ್ರೈವರ್ ಸೀಟಿನ ಕಡೆಗಂತೂ ಪರದೆಯೇ ಇರಲಿಲ್ಲ.

"ಹೊಸಾವು ಹಾಕ್ಸೋಕೆ ಹೋದ್ರೆ ಗಾಡಿ ಕೊಂಡಿದ್ದಕ್ಕಿಂತ ಜಾಸ್ತಿ ಕೇಳ್ತಾರೆ," ಎಂದಳು ವನಜ. "ಇವನ್ನೇ ತೊಳ್ದು, ದಾರ ಬದಲಾಯ್ಸಿ, ತೂತಿಗೆ ತೇಪೆ ಹಾಕೋಣ. ನೀನ್ ಬರ್ತೀಯಾಂತ ಕಾಯ್ತಿದ್ದೆ."

"ಪರದೆ ನೆಟ್ಟಗಿಲ್ದಿದ್ರೆ ಪ್ರಾಣ ಹೋಗುತ್ತೇನೇ?"

"ಕೆಲ್ಸ ಹೋಗುತ್ತಕ್ಕಾ."

ಆಗ ಹೇಳಿದಳು. ಹೊಕಿಟಿಕಾ ಎಂಬ ಕಡಲತೀರದ ಊರಿನ ವೃದ್ಧರ ಮನೆಯಲ್ಲಿ ಸೋಮವಾರದಿಂದ ಅವಳಿಗೆ ಕೆಲಸ. ಎಲ್ಲವೂ ರಾತ್ರಿ ಪಾಳಿ. ಹಗಲು ಗಾಡಿಯಲ್ಲಿ ಮಲಗಬೇಕು. ಹಿಂದಿನ ಊರಿನಲ್ಲೂ ಹಾಗೇ ಒಪ್ಪಿಕೊಂಡಿದ್ದಳು, ಆದರೆ ಬೆಳಕಿಗೆ ಕಣ್ಣು ಮುಚ್ಚಲಾಗದೆ ವಾರಗಟ್ಟಲೆ ನಿದ್ದೆಗೆಟ್ಟು, ಒಬ್ಬ ಅಜ್ಜಿಯ ಮಾತ್ರೆಯನ್ನು ಇನ್ನೊಬ್ಬ ಅಜ್ಜಿಯ ಬಾಯಿಗೆ ಹಾಕುವುದರಲ್ಲಿದ್ದಳಂತೆ. ಕೊನೇ ಗಳಿಗೆಯಲ್ಲಿ ಗೊತ್ತಾಗಿ, ತಾನಾಗಿಯೇ ಕೆಲಸ ಬಿಟ್ಟು ಬಂದಳಂತೆ.

"ಇದೇ ಕೊನೇ ಸಲ ಅಕ್ಕಾ. ಈ ಗಾಡೀಲಿ ಹಗಲು ನಿದ್ದೆ ಬಂದ್ರೆ ಇಲ್ಲೇ ಇರ್ತೀನಿ. ಬರ್ಲಿಲ್ಲಾಂದ್ರೆ ಗಾಡಿ ಮಾರಿ ನಿನ್ ಜೊತೇಲೇ ಬಂದ್ಬಿಡ್ತೀನಿ. ಅಣ್ಣಂಗೂ ಹಂಗೇ ಹೇಳಿದೀನಿ."

ನಾನು ಪರದೆಗಳನ್ನು ಇನ್ನೊಂದು ಸಲ ನೋಡಿದೆ. ಇವು ಯಾವ ಜನ್ಮಕ್ಕೂ ಸರಿಹೋಗುವುದಿಲ್ಲ ಎನ್ನಿಸಿತು. ಬಂದ ಕೆಲಸ ಸಲೀಸಾಗಿ ಆಗುತ್ತದೆ ಎಂದು ಒಳಗೊಳಗೇ ಖುಷಿಪಟ್ಟೆ. ಸುಳ್ಳು ಯಾಕೆ ಹೇಳಲಿ?

ಆರ್ಥರ್ಸ್ ಪಾಸ್

ಈ ಕಡೆಯ ಕಡಲಿನಿಂದ ಆ ಕಡೆಯ ಕಡಲಿಗೆ ಹೋಗಲು ನಡುವೆ ಒಂದು ದೊಡ್ಡ ಘಾಟಿ ದಾಟಬೇಕು. ವನಜ ಅಷ್ಟು ದೊಡ್ಡ ಗಾಡಿಯನ್ನು ಒಂದೇ ಕೈಯಲ್ಲಿ ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ಕಡಲೆಬೀಜ ತಿನ್ನುತ್ತ ಹತ್ತಿಸಿದಳು. ಶ್ರೀನಿವಾಸಪುರದಲ್ಲಿ ಸೈಕಲ್ ಕಲಿಯುವಾಗ ಮೂರು ಸಲ ಚರಂಡಿಗೆ ಬಿದ್ದವಳು ಇವಳೇನಾ ಎಂದು ಪಕ್ಕದ ಸೀಟಿನ ಹಿಡಿಕೆಯನ್ನು ಹಿಡಿದುಕೊಂಡೇ ಯೋಚಿಸಿದೆ.

ಘಾಟಿಯ ಮೇಲೆ ಟೀ ಕುಡಿಯಲು ನಿಂತೆವು. ಅಲ್ಲಿ ಕಿಯಾ ಎಂಬ ಹಸಿರು ಗಿಣಿಗಳಿವೆ. ನಮ್ಮ ಗಿಣಿ ಮಾವಿನಕಾಯಿ ಕಚ್ಚುತ್ತದೆ, ಇದು ಗಾಡಿಯನ್ನೇ ಕಚ್ಚುತ್ತದೆ. ನಾವು ಲೋಟ ತುಟಿಗೆ ಇಡುವಷ್ಟರಲ್ಲಿ ಒಂದು ಬಂದು ಕಿಟಕಿಯ ಸುತ್ತಲಿನ ರಬ್ಬರನ್ನು ಎಳೆಯತೊಡಗಿತು. ನಾನು ಹುಶ್ ಎಂದು ಸೆರಗು ಬೀಸಿದೆ. ಅದು ಒಂದು ಹೆಜ್ಜೆ ಹಿಂದೆ ಸರಿದು, ಕತ್ತು ಓರೆ ಮಾಡಿ ನನ್ನನ್ನು ನೋಡಿ, ಮತ್ತೆ ರಬ್ಬರಿಗೆ ಬಾಯಿ ಹಾಕಿತು. ಪಕ್ಕದ ಕಾರಿನವರು ಆ ಕಳ್ಳ ಹಕ್ಕಿಯನ್ನು ಓಡಿಸುವ ಬದಲು ನನ್ನ ಸೀರೆಯ ಸಮೇತ ಫೋಟೋ ತೆಗೆದುಕೊಂಡರು.

ಗಾಡಿ ಮತ್ತೆ ಹೊರಟಾಗ ನನ್ನ ಕೆಲಸ ಶುರು ಮಾಡಿದೆ.

"ವನಜಾ, ಅಣ್ಣ ನಿಂಗೋಸ್ಕರ ರೂಮ್ ಕಟ್ಸಿದಾನೆ ಕಣೇ. ಕಿಟ್ಕಿ ತೆಗುದ್ರೆ ಮಾವಿನ ತೋಪು ಕಾಣುತ್ತೆ."

"ಗೊತ್ತು. ದಿನಾ ವಿಡಿಯೋ ಕಳಿಸ್ತಾನೆ." ಸ್ವಲ್ಪ ದೂರ ಹೋದ ಮೇಲೆ ಕೇಳಿದಳು, "ಆ ರೂಮಿಗೆ ಒಳಗಡೆಯಿಂದ ಚಿಲ್ಕ ಇದ್ಯಾ ಅಕ್ಕಾ?"

"ಚಿಲ್ಕ ಯಾಕೆ? ನಮ್ಮನೇಲಿ ಯಾರೇ ಹೊರಗಿನೋರು?"

"ಅದಕ್ಕೇ ಕೇಳ್ದೆ," ಎಂದು ನಕ್ಕಳು.

ಗ್ರೇಮೌತ್

ಸೋಮವಾರದವರೆಗೆ ಗ್ರೇಮೌತ್‌ನಲ್ಲಿ, ಇಂಥ ಗಾಡಿಗಳು ತಂಗುವ ಬಯಲಿನಲ್ಲಿ ಇಳಿದುಕೊಂಡೆವು. ಅಡುಗೆಮನೆ, ಬಟ್ಟೆ ತೊಳೆಯುವ ಕೋಣೆ ಎಲ್ಲರಿಗೂ ಸೇರಿ ಒಂದೊಂದು. ಇಲ್ಲಿನ ಜನರ ಮಡಿ ಮೈಲಿಗೆ ನನಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಅಂಗಡಿಗೆ ಬರಿಗಾಲಲ್ಲಿ ಹೋಗುತ್ತಾರೆ, ದೊಡ್ಡ ದೊಡ್ಡವರೂ. ವಾಪಸು ಬಂದು ಅದೇ ಕಾಲನ್ನು ಹಾಸಿಗೆಯ ಮೇಲೆ ಇಡುತ್ತಾರೆ. ತಟ್ಟೆಯನ್ನು ಸೋಪಿನ ನೊರೆಯಿಂದ ಎತ್ತಿ, ನೀರಿಗೆ ಹಿಡಿಯದೆ, ನೊರೆಯ ಸಮೇತ ಬಟ್ಟೆಯಲ್ಲಿ ಒರೆಸಿಡುತ್ತಾರೆ. ನಾನು ಅವರ ತಟ್ಟೆಗಳನ್ನೂ ಕದ್ದು ಇನ್ನೊಂದು ಸಲ ತೊಳೆದಿಟ್ಟೆ.

ನಮ್ಮ ಪಕ್ಕದ ಗಾಡಿಯಲ್ಲಿ ಶರ್ಲಿ ಎಂಬ ಮುದುಕಿ ಇದ್ದಳು. ಅವಳೂ ಒಬ್ಬಳೇ. ಎರಡು ದಿನ ಒಟ್ಟಿಗೆ ಟೀ ಕುಡಿದರೂ ನನಗೆ ಮಕ್ಕಳೆಷ್ಟು, ತಂಗಿಯ ಗಂಡ ಎಲ್ಲಿ, ಸಂಬಳ ಎಷ್ಟು, ಒಂದನ್ನೂ ಕೇಳಲಿಲ್ಲ. ಕೋಲಾರದಲ್ಲಿ ಬಸ್ಸು ಹತ್ತಿದರೆ ನರಸಾಪುರ ಬರುವಷ್ಟರಲ್ಲಿ ಪಕ್ಕದವರಿಗೆ ನಮ್ಮ ಶುಗರ್ ಎಷ್ಟಿದೆ ಎಂಬುದೂ ಗೊತ್ತಾಗಿರುತ್ತದೆ. ಶರ್ಲಿ ಮಾತಾಡಿದ್ದೆಲ್ಲ ಹವಾಮಾನದ ಬಗ್ಗೆ ಮತ್ತು ನೊಣದ ಬಗ್ಗೆ.

ನೊಣದ ಬಗ್ಗೆ ಮಾತಾಡಲೇಬೇಕು. ಆ ಕಡಲತೀರದಲ್ಲಿ ಮರಳು ನೊಣ ಎಂದು ಒಂದಿದೆ. ಸಾಸಿವೆ ಕಾಳಿನಷ್ಟು ಇರುತ್ತದೆ, ಕಚ್ಚಿದರೆ ವಾರ ತುರಿಸುತ್ತದೆ. ನಮ್ಮಲ್ಲಿ ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಹುಳುಮನೆಗೆ ನುಗ್ಗಿದರೆ ಅಣ್ಣ ಅನ್ನ ಬಿಟ್ಟು ಓಡುತ್ತಾನೆ, ಇಲ್ಲಿ ನಾವೇ ಹುಳುಗಳಾಗಿ ಕಚ್ಚಿಸಿಕೊಂಡು ಕೂತಿದ್ದೆವು.

ಶುಕ್ರವಾರ ಬೆಳಿಗ್ಗೆ ವನಜ ಆರೂ ಪರದೆಗಳನ್ನು ಬಿಚ್ಚಿ ಬಟ್ಟೆ ತೊಳೆಯುವ ಕೋಣೆಯಲ್ಲಿ ಹರಡಿದಳು. ಅವಳು ಹೊಕಿಟಿಕಾಕ್ಕೆ ಹೋಗಿ ಕೆಲಸದ ಕಾಗದಪತ್ರ ಕೊಟ್ಟು ಬರಬೇಕಿತ್ತು.

"ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಮೆತ್ತಗೆ ಒರೆಸು ಸಾಕು ಅಕ್ಕಾ. ಜಾಸ್ತಿ ಉಜ್ಬೇಡ. ವಯಸ್ಸಾಗಿರೋ ಪರದೆ."

"ನಂಗೇ ಹೇಳ್ಕೊಡ್ತೀಯೇನೇ? ಹೋಗು ನೀನು."

ಒರೆಸಿದೆ. ಬೂಷ್ಟು ಹೋಗಲಿಲ್ಲ. ನೆರಿಗೆ ಬಿಡಿಸಿ ನೋಡಿದರೆ ಒಳಗೆ ಇನ್ನೂ ಕಪ್ಪು. ಹುಳುಮನೆಯಲ್ಲಿ ಇಂಥ ಬೂಷ್ಟು ಕಂಡರೆ ನಾವು ಸೋಪು ಹಿಡಿದುಕೊಂಡು ನಿಲ್ಲುತ್ತೇವೆಯೇ? ಮೂಲೆಯ ಕಪಾಟಿನಲ್ಲಿ ಬ್ಲೀಚಿನ ಡಬ್ಬ ಇತ್ತು. ಅದರ ವಾಸನೆ ಮೂಗಿಗೆ ಬಿದ್ದದ್ದೇ ನನಗೆ ತವರಿಗೆ ಬಂದಷ್ಟು ಸಂತೋಷವಾಯಿತು. ದೊಡ್ಡ ತೊಟ್ಟಿಗೆ ನೀರು ಬಿಟ್ಟು, ಹುಳುಮನೆಯ ನೆಲಕ್ಕೆ ಹಾಕುವ ಅಳತೆಯಲ್ಲೇ ಸುರಿದು, ಆರೂ ಪರದೆಗಳನ್ನು ಮುಳುಗಿಸಿ, ತೇಲಬಾರದೆಂದು ಮೇಲೆ ಒಂದು ಕಲ್ಲು ಹೇರಿದೆ. ಆಮೇಲೆ ಶರ್ಲಿಯ ಜೊತೆ ಹವಾಮಾನ ಮಾತಾಡಲು ಹೋದೆ.

ಬಂದು ನೋಡಿದರೆ ತೊಟ್ಟಿಯ ನೀರಿನ ಮೇಲೆ ಬೆಳ್ಳಿ ಲೇಪ ಹೊಟ್ಟಿನ ಹಾಗೆ ತೇಲುತ್ತಿತ್ತು. ಪರದೆ ಎತ್ತಿದೆ. ಒಂದು ನೆರಿಗೆ ಇಲ್ಲ. ನೀರಲ್ಲಿ ನೆಂದ ಹಪ್ಪಳದಂತೆ ಜೋತುಬಿದ್ದು, ನನ್ನ ಕೈಯಲ್ಲೇ ಎರಡಾಯಿತು. ಬೂಷ್ಟು ಮಾತ್ರ ಪೂರ್ತಿ ಹೋಗಿತ್ತು.

ವನಜ ಬಂದಳು. ಬೈಯಲಿ ಎಂದು ಕಾದೆ. ಅವಳು ತೊಟ್ಟಿಯನ್ನು ನೋಡಿದಳು, ನನ್ನನ್ನು ನೋಡಿದಳು, "ಪೋನೀ ಬಿಡಕ್ಕಾ," ಎಂದು ಹೋಗಿ ಗಾಡಿಯ ಮೆಟ್ಟಿಲ ಮೇಲೆ ಕೂತಳು. ಅಷ್ಟೇ. ಕಾಲಿಗೆ ಮುತ್ತಿದ ನೊಣಗಳನ್ನೂ ಓಡಿಸಲಿಲ್ಲ. ಅವಳು ರಂಪ ಮಾಡಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

ಸಂಜೆ ಅಣ್ಣನ ಫೋನು. ನಡೆದದ್ದು ಹೇಳಿದೆ. ಅವನ ಸಂತೋಷಕ್ಕೆ ಶರ್ಲಿಯ ಗಾಡಿಯ ಬಾಗಿಲು ತೆರೆದುಕೊಂಡಿತು.

"ದೇವ್ರು ನಿನ್ ಕೈಲಿ ಮಾಡ್ಸಿದಾನೆ ಕಣಮ್ಮಾ! ಇನ್ನೇನೂ ಮಾಡ್ಬೇಡ, ಕೈ ಕಟ್ಕೊಂಡು ಕೂತ್ಕೋ. ಕೋಲಾರದ ಏಜೆಂಟಿಗೆ ವನಜನ ಟಿಕೆಟ್ ರೆಡಿ ಮಾಡು ಅಂತ ಹೇಳ್ತೀನಿ."

ಅವನು ಹೇಳಿದ್ದು ಸರಿಯಾಗಿತ್ತು. ನಾನು ಬಂದ ಕೆಲಸ ಮುಗಿದಿತ್ತು. ಕೈ ಕಟ್ಟಿಕೊಂಡು ಕೂತರೆ ಸಾಕಿತ್ತು.

ಮರುದಿನ ಮಧ್ಯಾಹ್ನ ವನಜ ಹಗಲು ನಿದ್ದೆ ಅಭ್ಯಾಸ ಮಾಡುತ್ತೇನೆ ಎಂದು ಮಲಗಿದಳು. ಕಿಟಕಿಗಳಿಗೆ ದಿನಪತ್ರಿಕೆ ಅಂಟಿಸಿದ್ದೆವು. ಅವುಗಳ ಮೂಲಕ ಬಿಸಿಲು ಸೋರುತ್ತಿತ್ತು. ಅವಳು ಕಣ್ಣಿನ ಮೇಲೆ ಒದ್ದೆ ಟವಲು ಹಾಕಿಕೊಂಡು, ಆ ಮಗ್ಗುಲು ಈ ಮಗ್ಗುಲು ಹೊರಳುತ್ತಿದ್ದಳು. ಗಾಳಿಗೆ ಪೇಪರು ಪಟಪಟ ಎಂದಾಗಲೆಲ್ಲ ಬೆಚ್ಚುತ್ತಿದ್ದಳು. ನನಗೆ ನರಸಾಪುರದ ಕಂಪನಿ ಬಸ್ಸು ನೆನಪಾಯಿತು. ರಾತ್ರಿ ಪಾಳಿ ಮುಗಿಸಿದ ನಮ್ಮೂರಿನ ಹುಡುಗಿಯರು ಬೆಳಿಗ್ಗೆ ದುಪ್ಪಟ್ಟಾವನ್ನು ಮುಖಕ್ಕೆ ಎಳೆದುಕೊಂಡು, ಕಿಟಕಿಗೆ ತಲೆ ಬಡಿಸಿಕೊಂಡು ಮಲಗಿರುತ್ತಾರೆ. ಮನೆಗೆ ಬಂದರೆ ಮಿಕ್ಸಿ, ಟಿವಿ, ನೆಂಟರು. ಯಾರೂ ಅವರಿಗಾಗಿ ಒಂದು ಕಿಟಕಿ ಮುಚ್ಚಿದ್ದನ್ನು ನಾನು ಕಂಡಿಲ್ಲ. ಹುಳುವಿಗಾದರೆ ಗೋಣಿತಟ್ಟು ಇಳಿಸುತ್ತೇವೆ.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ, ಮೊದಲು ನನ್ನ ಮೇಲೆ. ಊರು ತುಂಬ ಹುಳುಮನೆ ಕತ್ತಲು ಮಾಡುವ ವಂಶದಲ್ಲಿ ಹುಟ್ಟಿ, ಒಡಹುಟ್ಟಿದವಳಿಗೆ ಆರು ಕಿಟಕಿ ಮುಚ್ಚಿಕೊಡಲಾಗದೆ, ಅದನ್ನೇ ನೆಪ ಮಾಡಿ ಎಳೆದುಕೊಂಡು ಹೋಗುವುದೇ? ಬರುವುದಾದರೆ ಅವಳು ಬರಬೇಕೆಂದು ಬರಲಿ. ನಿದ್ದೆಗೆಟ್ಟು ಬರಬಾರದು.

"ಏಳೇ ವನಜೀ. ಇಲ್ಲಿ ಹಳೇ ಬಟ್ಟೆ ಅಂಗ್ಡಿ ಎಲ್ಲಿದೆ?"

ಅಲ್ಲಿ ಊರಿಗೊಂದು ಹಳೆ ಸಾಮಾನಿನ ಅಂಗಡಿ ಇರುತ್ತದೆ. ಜನ ಬೇಡವಾದದ್ದನ್ನು ಕೊಟ್ಟು ಹೋಗುತ್ತಾರೆ, ಮುದುಕಿಯರು ಕೂತು ಅಗ್ಗಕ್ಕೆ ಮಾರುತ್ತಾರೆ. ಬರಿಗಾಲಿನ ಗಿರಾಕಿಗಳ ನಡುವೆ ನುಗ್ಗಿ ಹುಡುಕಿದೆವು. ಯಾವುದೋ ಹೋಟೆಲಿನಿಂದ ಬಂದ ದಪ್ಪ ಪರದೆಗಳು ಸಿಕ್ಕವು. ಕುಂಬಳಕಾಯಿ ಗಾತ್ರದ ಕೆಂಪು ಹೂವುಗಳು, ಹಿಂದೆ ಬಿಳಿ ರಬ್ಬರಿನಂಥ ಲೇಪ. ನೋಡಲು ಬಾಡಿಗೆ ಶಾಮಿಯಾನ. ಆದರೆ ತಲೆಯ ಮೇಲೆ ಹೊದ್ದುಕೊಂಡು ನೋಡಿದೆ, ಒಳಗೆ ಗವಿಯಷ್ಟು ಕತ್ತಲು. ಅಂಗಡಿಯ ಮುದುಕಿಯರು ನಾನು ಪರದೆಯೊಳಗಿಂದ ಹೊರಬರುವವರೆಗೂ ಮರ್ಯಾದೆಯಿಂದ ಬೇರೆ ಕಡೆ ನೋಡುತ್ತಿದ್ದರು.

ಶರ್ಲಿಯ ಗಾಡಿಯಲ್ಲಿ ಹೊಲಿಗೆ ಯಂತ್ರ ಇತ್ತು. ಯಾಕೆ, ಏನು ಎಂದು ಕೇಳದೆ ಎತ್ತಿಕೊಂಡು ಬಂದು ನಮ್ಮ ಮೇಜಿನ ಮೇಲಿಟ್ಟಳು. ಆ ಒಂದು ಕ್ಷಣದಲ್ಲಿ ಅವರ ಪ್ರಶ್ನೆ ಕೇಳದ ಗುಣ ನನಗೆ ಬಹಳ ಇಷ್ಟವಾಯಿತು. ನೆರಿಗೆ ಪರದೆಯ ಗೋಜೇ ಬೇಡ ಎಂದೆ. ಹುಳುಮನೆಯ ಗೋಣಿತಟ್ಟಿನ ಲೆಕ್ಕದಲ್ಲಿ ಕತ್ತರಿಸಿದೆ. ಮೇಲಿನ ಪಟ್ಟಿಗೆ ಸೇರಿಸಿ ಇಳಿಬಿಡುವುದು, ಕೆಳಗೆ ಹಳೇ ಪರದೆಯ ಕಡ್ಡಿಯನ್ನೇ ಭಾರಕ್ಕೆ ಹೊಲಿಯುವುದು, ಬೇಡವಾದಾಗ ಚಾಪೆಯ ಹಾಗೆ ಸುತ್ತಿ ಮೇಲೆ ಕಟ್ಟುವುದು. ಅಂಚುಗಳಿಂದ ಬೆಳಕು ನುಸುಳದ ಹಾಗೆ ಶರ್ಲಿ ಅಂಟುಪಟ್ಟಿ ಕೊಟ್ಟಳು.

ಸುತ್ತಿ ಕಟ್ಟಲು ದಾರ ಬೇಕಲ್ಲ? ಅಷ್ಟರಲ್ಲಿ ಭಾನುವಾರವಾಗಿ ಆ ಅಂಗಡಿ ಮುಚ್ಚಿತ್ತು. ನನ್ನ ಪೆಟ್ಟಿಗೆ ತೆಗೆದೆ. ಆರು ಲಂಗಗಳಿಂದ ಆರು ಲಾಡಿ ಎಳೆದೆ. ಶ್ರೀನಿವಾಸಪುರದ ಸಂತೆಯ ಲಾಡಿ, ಎತ್ತು ಕಟ್ಟಿದರೂ ಹರಿಯುವುದಿಲ್ಲ. ಒಂದೊಂದನ್ನು ಎರಡು ತುಂಡು ಮಾಡಿದರೆ ಒಂದೊಂದು ಕಿಟಕಿಗೆ ಸರಿಹೋಯಿತು.

ವನಜ ಶುಕ್ರವಾರದ ನಂತರ ಮೊದಲ ಸಲ ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಕ್ಕಾ, ಇನ್ನು ಸೀರೆ ಹೆಂಗುಡ್ತೀಯೇ?"

"ನಿನ್ ಪ್ಯಾಂಟ್ ಕೊಡು."

ಹೀಗೆ ಅರವತ್ತೊಂದನೇ ವಯಸ್ಸಿನಲ್ಲಿ ನಾನು ಪ್ಯಾಂಟು ತೊಟ್ಟೆ. ಭೂಮಿ ಬಾಯಿ ಬಿಡಲಿಲ್ಲ. ನೊಣ ಕಚ್ಚುವುದೂ ಕಡಿಮೆಯಾಯಿತು.

ನಡುಮಧ್ಯಾಹ್ನ ಎಲ್ಲ ಪರದೆ ಇಳಿಸಿ ಪರೀಕ್ಷೆ ಮಾಡಿದೆವು. ನಮ್ಮ ಪರೀಕ್ಷೆ ಸುಲಭ: ಒಳಗೆ ನಿಂತು ಅಂಗೈ ನೋಡಿಕೊಳ್ಳಬೇಕು, ರೇಖೆ ಕಾಣಬಾರದು. ನನಗೆ ಆಯುಷ್ಯ ರೇಖೆಯವರೆಗೆ ಸ್ಪಷ್ಟವಾಗಿ ಕಂಡಿತು. ಡ್ರೈವರ್ ಸೀಟಿನ ಕಡೆಯಿಂದ ಬೆಳಕು ಹರಿದು ಬರುತ್ತಿತ್ತು. ಹೋಟೆಲಿನ ಬಟ್ಟೆ ಮುಗಿದುಹೋಗಿತ್ತು.

ನಾನೂ ವನಜಳೂ ಒಂದೇ ಸಲ ಪೆಟ್ಟಿಗೆಯ ಕಡೆ ನೋಡಿದೆವು. ತಳದಲ್ಲಿ ಅಣ್ಣನ ನೇರಳೆ ರೇಷ್ಮೆ ಸೀರೆ ಇತ್ತು. ನಾನೇ ತೆಗೆದೆ. ಕತ್ತರಿಯನ್ನೂ ತೆಗೆದುಕೊಂಡೆ.

"ಕತ್ತರಿ ಹಾಕ್ಬೇಡಕ್ಕಾ," ಎಂದಳು ವನಜ ಮೆಲ್ಲಗೆ. "ಹಬ್ಬಕ್ಕೆ ಊರಿಗೆ ಬಂದಾಗ ಉಟ್ಕೋತೀನಿ. ಹಾಲೂ ಉಕ್ಕಿಸ್ತೀನಿ. ಆಮೇಲೆ ವಾಪಸ್ ಬಂದು ಇಲ್ಲೇ ಕಟ್ತೀನಿ."

ಸೀಟಿನ ಹಿಂದೆ ಗಾಡಿಯಲ್ಲಿದ್ದ ಬಟ್ಟೆ ಒಣಹಾಕುವ ಹಗ್ಗ ಕಟ್ಟಿ, ಸೀರೆಯನ್ನು ಮಡಿಕೆಯ ಮೇಲೆ ಮಡಿಕೆ ಮಾಡಿ ಇಳಿಬಿಟ್ಟೆವು. ಜರಿ ಅಂಚು ನೆಲ ಮುಟ್ಟಿತು. ನನ್ನ ಅಂಗೈ ಮಾಯವಾಯಿತು.

ಹೊಕಿಟಿಕಾ

ಸೋಮವಾರ ಸಂಜೆ ಅವಳು ಕೆಲಸಕ್ಕೆ ಹೋದಳು. ಮಂಗಳವಾರ ಬೆಳಿಗ್ಗೆ ಬಂದಳು. ಮುಖ ಬಾಡಿತ್ತು. ನಾನು ಮಾಡಿಟ್ಟ ರಾಗಿ ಮುದ್ದೆ, ಹುಳಿ ತಿಂದಳು. ಅಜ್ಜಿಯರು ಒಳ್ಳೆಯವರು ಎಂದಳು. ಲಾಡಿಗಳನ್ನು ಒಂದೊಂದಾಗಿ ತಾನೇ ಬಿಚ್ಚಿ ಪರದೆ ಇಳಿಸಿದಳು. ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಒಳಗಿನಿಂದ ಚಿಲಕದ ಸದ್ದು ಕೇಳಿಸಿತು.

ನನಗೆ ಭಯವೇ ಆಗಿತ್ತು. ಮಡಚುವ ಕುರ್ಚಿ ಹಾಕಿಕೊಂಡು ಕೂತೆ. ಎದುರಿಗೆ ಕಡಲು ಭೋರೆನ್ನುತ್ತಿತ್ತು, ನನ್ನ ಕಿವಿ ಗಾಡಿಯ ಕಡೆಗಿತ್ತು. ಹೊರಳಾಡಿದರೆ ಗಾಡಿ ಕಿರುಗುಟ್ಟುತ್ತದೆ. ಒಂದು ಸಲ ಕಿರುಗುಟ್ಟಿತು. ಇನ್ನೊಂದು ಸಲ. ಆಮೇಲೆ ಸದ್ದಿಲ್ಲ. ಯಾರೋ ನಾಯಿ ಹಿಡಿದುಕೊಂಡು ಬಂದರು, ತುಟಿಯ ಮೇಲೆ ಬೆರಳಿಟ್ಟು ಆಚೆ ಕಳಿಸಿದೆ. ಬಿಸಿಲು ನೆತ್ತಿಗೆ ಬಂತು. ಗಾಡಿ ಅಲುಗಲೇ ಇಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ನೊಣದ ಕಾಟವೂ ಇತ್ತು ಎನ್ನಿ.

ಮಧ್ಯಾಹ್ನ ಫೋನು ಬಡಿಯಿತು. ನಮ್ಮೂರಲ್ಲಿ ಆಗಷ್ಟೇ ಬೆಳಗಾಗಿರುತ್ತದೆ, ಅಣ್ಣ ಅಂಗಳದಲ್ಲಿ ನಿಂತಿರುತ್ತಾನೆ. ಫೋನು ಹಿಡಿದುಕೊಂಡು ಮರಳಿನ ಕಡೆಗೆ ಓಡಿದೆ.

"ಏಮ್ಮಾ, ಏಜೆಂಟು ಕೇಳ್ತಾ ಇದಾನೆ!" ಎಂದು ಕೂಗಿದ. "ವನಜನ ಟಿಕೆಟ್ ಮಾಡ್ಸೋದಾ ಬೇಡ್ವಾ?"

"ಮೆತ್ತಗೆ ಮಾತಾಡಣ್ಣಾ. ಅವ್ಳು ಮಲ್ಗಿದಾಳೆ."

"ಹಗಲ್ಹೊತ್ತಲ್ಲಾ? ಎಬ್ಬಿಸು, ನಾನೇ ಕೇಳ್ತೀನಿ!"

"ಎಬ್ಬಿಸಲ್ಲ. ಬೆಳಿಗ್ಗೆಯಿಂದ ಅಲ್ಲಾಡಿಲ್ಲ. ನಿದ್ದೆಗೆ ಕೂತಿದಾಳೆ ಕಣಣ್ಣಾ."

ಆ ಕಡೆ ನಮ್ಮ ಮನೆಯ ಹುಂಜ ಕೂಗಿದ್ದು ಕೇಳಿಸಿತು. ಆಮೇಲೆ ಅಣ್ಣನ ದನಿ ಬಂತು, ಹುಳುಮನೆಯ ಹೊರಗೆ ನಾನು ಯಾವತ್ತೂ ಕೇಳಿರದ ದನಿ.

"ಬೆಳಕು ಬೀಳ್ತಾ ಇಲ್ವಾ ಒಳಗೆ?"

"ಚೂರೂ ಇಲ್ಲ."

"ನೊಣ?"

"ಒಂದೂ ಇಲ್ಲ."

"ಯಾರಾದ್ರೂ ಬಂದು ಬಾಗ್ಲು ತಟ್ಟಿದ್ರೆ?"

"ನಾನಿದೀನಲ್ಲ ಹೊರಗಡೆ."



"ಸರಿ ಹಂಗಾದ್ರೆ. ಟಿಕೆಟ್ ಬೇಡ ಅಂತ ಹೇಳ್ತೀನಿ," ಎಂದು ಪಿಸುಗುಟ್ಟಿ, ಅಣ್ಣ ಸದ್ದಾಗದ ಹಾಗೆ ಫೋನ್ ಇಟ್ಟ.